ಗಡಿಯಾರಗಳ ಒಡಂಬಡಿಕೆ: ವಾಡಿ ಜಂಕ್ಷನ್ನಿನಿಂದ ಗಣಕಯಂತ್ರದವರೆಗೆ

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ. ನಮ್ಮ ಭಾಗದ ಈ ಐದು ಊರುಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ಇದೇ ಕ್ರಮದಲ್ಲಿ ಎಣಿಸಬಹುದು. ಸೂರ್ಯನು ಚಿಂಚೋಳಿಯಲ್ಲಿ ಮೊದಲು ನೆತ್ತಿಗೇರುತ್ತಾನೆ, ಶಹಾಬಾದಿನಲ್ಲಿ ಕೊನೆಗೆ. ಎರಡಕ್ಕೂ ನಡುವಿನ ಅಂತರ ಸುಮಾರು 2 ನಿಮಿಷ. ಭಾರತೀಯ ಪ್ರಮಾಣ ಕಾಲವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಅನುಸರಿಸಿ ಗೊತ್ತುಪಡಿಸಲಾಗಿದೆ. ವಾಡಿಯು 77 ಡಿಗ್ರಿಯ ಸಮೀಪದಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ವಾಡಿಯ ಸೂರ್ಯನು ಗಡಿಯಾರಕ್ಕಿಂತ ಸರಾಸರಿ 22 ನಿಮಿಷ ಹಿಂದೆ ನಡೆಯುತ್ತಾನೆಂದು ತಿಳಿಯುತ್ತದೆ. ನಾವು ದಿನವೂ ನೋಡುವ ವೇಳೆಯು ಸೂರ್ಯನು ಕೊಟ್ಟದ್ದಲ್ಲ. ಅದು ಜನರು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆ.

ಈ ಒಡಂಬಡಿಕೆಯ ಅಗತ್ಯವನ್ನು ನಮಗೆ ಮನಗಾಣಿಸಿದ್ದು ರೈಲು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1871ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ಮಾರ್ಗ ತೆರೆಯಿತು. ಚಿತ್ತಾಪುರ, ಸೇಡಂಗಳು ಈ ಮಾರ್ಗದ ಮೇಲಿವೆ. ಆ ಕಾಲದಲ್ಲಿ ಮುಂಬಯಿಯ ವೇಳೆಗೂ ಮದರಾಸಿನ ವೇಳೆಗೂ ಅರ್ಧ ತಾಸಿನ ವ್ಯತ್ಯಾಸವಿತ್ತು. ಊರಿಗೊಂದು ವೇಳೆ ಇಟ್ಟುಕೊಂಡು ರೈಲು ಓಡಿಸುವುದು ಅಸಾಧ್ಯ. ಆದುದರಿಂದ ರೈಲುಗಳಿಗೆ ಬಹುಕಾಲ ಮದರಾಸಿನ ವೇಳೆಯೇ ಪ್ರಮಾಣವಾಗಿತ್ತು. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಪ್ರಮಾಣ ಕಾಲ ಬಂದಿತು.

ಆದರೆ ಗಡಿಯಾರಗಳು ಒಂದೇ ವೇಳೆ ತೋರಿಸಿದ ಮಾತ್ರಕ್ಕೆ ಅಪಾಯ ತಪ್ಪುವುದೇ? ರೈಲ್ವೆಯ ಸಾಮಾನ್ಯ ನಿಯಮಗಳು ಪ್ರತಿದಿನ 16 ಗಂಟೆಗೆ ಮುಖ್ಯ ನಿಲ್ದಾಣಗಳಿಗೆ ಪ್ರಮಾಣ ವೇಳೆಯನ್ನು ತಿಳಿಸಬೇಕೆಂದು ವಿಧಿಸುತ್ತವೆ. ಗಾರ್ಡನು ಹೊರಡುವ ಮುನ್ನ ನಿಲ್ದಾಣದ ಗಡಿಯಾರಕ್ಕೆ ತನ್ನ ಕೈಗಡಿಯಾರವನ್ನು ಹೊಂದಿಸಿಕೊಳ್ಳಬೇಕು. ಇಷ್ಟಾದರೂ ವೇಳೆಯಾಯಿತೆಂಬ ಒಂದೇ ಕಾರಣಕ್ಕೆ ರೈಲನ್ನು ಬಿಡುವುದಿಲ್ಲ. ಮುಂದಿನ ನಿಲ್ದಾಣದಿಂದ 'ಲೈನ್ ಕ್ಲಿಯರ್' ಬರಬೇಕು. ದೂರದ ಕಚೇರಿಯಲ್ಲಿ ಕುಳಿತ ಸೆಕ್ಷನ್ ಕಂಟ್ರೋಲರನು ಎಲ್ಲ ನಿಲ್ದಾಣಗಳ ವರದಿ ಪಡೆದು, ಯಾವ ರೈಲು ನಿಲ್ಲಬೇಕು, ಯಾವುದು ಮುಂದೆ ಹೋಗಬೇಕೆಂದು ನಿರ್ಧರಿಸುತ್ತಾನೆ. ಗಡಿಯಾರವು ವೇಳೆಯನ್ನು ಹೇಳುತ್ತದೆ. ಮುಂದೆ ಸಾಗುವ ಅಪ್ಪಣೆ ಬೇರೆಯದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಗಣಕ ವಿಜ್ಞಾನದ ಒಂದು ಕಠಿಣ ಪ್ರಶ್ನೆ ಸುಲಭವಾಗಿ ತಿಳಿಯುತ್ತದೆ.

ಒಂದು ದೊಡ್ಡ ಗಣಕಯಂತ್ರದೊಳಗೆ ತಂತ್ರಾಂಶದ ನೆರವಿನಿಂದ ಹಲವು ಗಣಕಯಂತ್ರಗಳಿರುವಂತೆ ಏರ್ಪಾಡು ಮಾಡಬಹುದು. ಇವಕ್ಕೆ ವರ್ಚುಯಲ್ ಮಷಿನ್ ಅಥವಾ ಕಲ್ಪಿತ ಯಂತ್ರಗಳೆಂದು ಹೆಸರು. ನಮ್ಮ ಐದು ಊರುಗಳಿಗೆ ಒಂದೊಂದು ಕಲ್ಪಿತ ಯಂತ್ರವನ್ನು ಕೊಟ್ಟು, ಇಡೀ ದಿನದ ಸಂಚಾರವನ್ನು ಅವುಗಳಲ್ಲಿ ಅನುಕರಿಸುತ್ತೇವೆಂದು ಭಾವಿಸೋಣ. ಇಲ್ಲಿ ನಡೆಯುವುದು ಕಲ್ಪಿತ ಕಾಲ. ದಿನದ ಸಂಚಾರವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬಹುದು. ತೊಡಕು ಇರುವುದು ಹೀಗೆ: ದೊಡ್ಡ ಯಂತ್ರವು ತನ್ನ ಶಕ್ತಿಯನ್ನು ಐವರಿಗೂ ಸರದಿಯಂತೆ ಹಂಚುತ್ತದೆ. ಸರದಿ ಬಾರದಿರುವಾಗ ಕಲ್ಪಿತ ಯಂತ್ರವು ನಿದ್ರಿಸಿದಂತೆಯೇ ಸರಿ. ಅದರ ಗಡಿಯಾರದ ಬಡಿತಗಳು ತಪ್ಪಬಹುದು. ಕೆಲಸ ಕಡಿಮೆಯಿರುವ ಯಂತ್ರವಾದರೋ ಬೇಗನೆ ಮುಂದೋಡುತ್ತದೆ. ವಾಡಿಯ ಗಡಿಯಾರದಲ್ಲಿ 10 ಗಂಟೆಯಾಗಿರುವಾಗಲೇ ಚಿತ್ತಾಪುರದಲ್ಲಿ 10 ಗಂಟೆ 40 ನಿಮಿಷವಾಗಿರಬಹುದು. ಆಗ ವಾಡಿಯಿಂದ 10ಕ್ಕೆ ಹೊರಟ ರೈಲು ಚಿತ್ತಾಪುರಕ್ಕೆ ಬಂದು ಸೇರುವ ವೇಳೆಯು ಅಲ್ಲಿ ಆಗಲೇ ಕಳೆದುಹೋಗಿರುತ್ತದೆ. ಖಾಲಿ ಇದೆಯೆಂದು ತಿಳಿದ ಹಳಿಯ ಮೇಲೆ ಚಿತ್ತಾಪುರವು ಇನ್ನೊಂದು ರೈಲನ್ನು ಬಿಟ್ಟಿರುತ್ತದೆ. ಅನುಕರಣೆಯು ಸುಳ್ಳಾಯಿತು.

ಇದನ್ನು ತಡೆಯಲು ಶೆಡ್ಯೂಲರ್ ಎಂಬ ಕೇಂದ್ರ ನಿಯಾಮಕನನ್ನು ಇಡುತ್ತಾರೆ. ಇವನು ನಮ್ಮ ಸೆಕ್ಷನ್ ಕಂಟ್ರೋಲರನಿಗೆ ಸಮಾನ. ಇವನ ಅಪ್ಪಣೆಯಿಲ್ಲದೆ ಯಾವ ಯಂತ್ರದ ಕಲ್ಪಿತ ಗಡಿಯಾರವೂ ಮುಂದೆ ಸರಿಯಲಾಗದು. ಹಾಗಾದರೆ ಎಷ್ಟು ಕಾಲಕ್ಕೆ ಅಪ್ಪಣೆ ಕೊಡಬೇಕು? ಉದಾಹರಣೆಗಾಗಿ ಕೆಲವು ಅಂಕಗಳನ್ನು ಹಿಡಿಯೋಣ. ಊರಿಂದೂರಿಗೆ ಸಾಗುವುದು ರೈಲು, ಲಾರಿ ಮಾತ್ರ. ಶಹಾಬಾದಿನಿಂದ ವಾಡಿಗೆ ಕನಿಷ್ಠ 8 ನಿಮಿಷ, ವಾಡಿ ಚಿತ್ತಾಪುರಗಳ ನಡುವೆ 10, ಚಿತ್ತಾಪುರ ಸೇಡಂಗಳ ನಡುವೆ 15. ಚಿಂಚೋಳಿಗೆ ರೈಲಿಲ್ಲ, ಅಲ್ಲಿಂದ ರಸ್ತೆಯ ಮೇಲೆ ಸೇಡಂಗೆ ಬರಲು ಕನಿಷ್ಠ 30 ನಿಮಿಷ. ಎಲ್ಲ ಗಡಿಯಾರಗಳೂ 10 ಗಂಟೆಗೆ ನಿಂತಿವೆ. ಸೇಡಂಗೆ ಹೊರಗಿನಿಂದ ಏನೇ ಬಂದರೂ 10 ಗಂಟೆ 15 ನಿಮಿಷಕ್ಕೆ ಮೊದಲು ಬರಲಾರದು. ಆದುದರಿಂದ ಅದು ಅಲ್ಲಿಯವರೆಗೆ ನಿರ್ಭಯವಾಗಿ ಸಾಗಬಹುದು. ವಾಡಿಯು ಶಹಾಬಾದಿಗೆ ಹತ್ತಿರವಿರುವುದರಿಂದ 10 ಗಂಟೆ 8 ನಿಮಿಷಕ್ಕೆ ನಿಂತು ಕೇಳಬೇಕು. ನಿಯಾಮಕನು ಸರಳವಾದ ಕ್ರಮವನ್ನು ಅನುಸರಿಸುವುದಾದರೆ ಎಲ್ಲಕ್ಕೂ ಕಡಿಮೆಯಾದ ಆ 8 ನಿಮಿಷವನ್ನೇ ಎಲ್ಲರಿಗೂ ಕೊಟ್ಟು, ಐವರ ವರದಿಯೂ ಬಂದ ಮೇಲೆ ಮುಂದಿನ 8 ನಿಮಿಷಕ್ಕೆ ಅಪ್ಪಣೆ ಕೊಡುತ್ತಾನೆ. ಗಡಿಯಾರಗಳು ಪ್ರತಿಕ್ಷಣವೂ ಸಮವಾಗಿರಬೇಕೆಂಬುದು ಇಲ್ಲಿನ ನಿಯಮವಲ್ಲ; ಬರಬಹುದಾದ ಸುದ್ದಿಯನ್ನು ದಾಟಿ ಯಾರೂ ಹೋಗಬಾರದೆಂಬುದೇ ನಿಯಮ.

ನಿಯಾಮಕನಿಲ್ಲದೆಯೂ ಇದನ್ನು ಸಾಧಿಸುವ ಬಗೆಯನ್ನು ಭಾರತ ಮೂಲದ ವಿಜ್ಞಾನಿಗಳಾದ ಮಣಿ ಚಾಂಡಿ ಮತ್ತು ಜಯದೇವ ಮಿಶ್ರ 1979ರಲ್ಲಿ ನಿರೂಪಿಸಿದರು. ಅವರ ಕ್ರಮದಲ್ಲಿ ಕಳುಹಿಸಲು ಏನೂ ಇಲ್ಲದ ಯಂತ್ರವೂ ಸುಮ್ಮನಿರಬಾರದು. "ಇಷ್ಟು ಗಂಟೆಯವರೆಗೆ ನನ್ನಿಂದ ಏನೂ ಬಾರದು" ಎಂಬ ಖಾಲಿ ಸುದ್ದಿಯನ್ನಾದರೂ ಕಳುಹಿಸಬೇಕು. ಇಲ್ಲವಾದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ಎಲ್ಲರೂ ನಿಂತುಬಿಡುತ್ತಾರೆ. 1985ರಲ್ಲಿ ಡೇವಿಡ್ ಜೆಫರ್ಸನ್ ಇನ್ನೊಂದು ಮಾರ್ಗವನ್ನು ವಿವರಿಸಿದರು: ಯಂತ್ರಗಳು ಕಾಯದೆ ಓಡಲಿ, ಹಳೆಯ ವೇಳೆಯ ಸುದ್ದಿ ತಡವಾಗಿ ಬಂದರೆ ಮಾಡಿದ್ದನ್ನೆಲ್ಲ ಅಳಿಸಿ ಹಿಂದಕ್ಕೆ ಹೋಗಲಿ. ಬರಿಯ ಲೆಕ್ಕದಲ್ಲಿ ಇದು ಸಾಧ್ಯ. ಆದರೆ ಅನುಕರಣೆಗೆ ನಿಜವಾದ ಬ್ರೇಕನ್ನೋ ಸಿಗ್ನಲನ್ನೋ ಜೋಡಿಸಿದ್ದರೆ, ಒಮ್ಮೆ ಹಾಕಿದ ಬ್ರೇಕನ್ನು ಹಾಕಲಿಲ್ಲವೆನ್ನಲು ಬಾರದು. ಅಲ್ಲಿ ಕಾಯುವುದೊಂದೇ ದಾರಿ.

ಇದು ಪಂಡಿತರ ವಿನೋದವಲ್ಲವೆಂಬುದಕ್ಕೆ ನಮ್ಮ ಮಾರ್ಗವೇ ಸಾಕ್ಷಿ. ರೈಲುಗಳ ಡಿಕ್ಕಿಯನ್ನು ತಡೆಯಲು ನಮ್ಮ ದೇಶದಲ್ಲಿ ರೂಪಿಸಿದ 'ಕವಚ' ವ್ಯವಸ್ಥೆಯ ಆರಂಭದ ಪ್ರಯೋಗಗಳಿಗೆ ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ, ವಿಕಾರಾಬಾದ್, ವಾಡಿ, ಬೀದರ ಭಾಗದ ಸುಮಾರು 250 ಕಿಲೋಮೀಟರ್ ಮಾರ್ಗವನ್ನು ಆರಿಸಲಾಯಿತು. ಪ್ರಯಾಣಿಕ ರೈಲುಗಳ ಮೇಲೆ ಮೊದಲ ಪ್ರಯೋಗ 2016ರ ಫೆಬ್ರವರಿಯಲ್ಲಿ ನಡೆಯಿತು. 2020ರಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಅಂಗೀಕರಿಸಲಾಯಿತು. ಇದರಲ್ಲಿ ಎಂಜಿನ್ನೂ ನಿಲ್ದಾಣವೂ ರೇಡಿಯೋ ಮೂಲಕ ಮಾತನಾಡುತ್ತವೆ. ಒಂದರ ಮಾತು ಇನ್ನೊಂದರ ಮೇಲೆ ಬೀಳದಂತೆ ಉಪಗ್ರಹದ ವೇಳೆಗೆ ಹೊಂದಿಕೊಂಡು ತಮ್ಮ ತಮ್ಮ ಸರದಿಯಲ್ಲಿ ಮಾತನಾಡುತ್ತವೆ. ಇಂತಹ ಯಾವುದೇ ರಕ್ಷಣಾ ವ್ಯವಸ್ಥೆಯನ್ನು ಅನುಕರಣೆಯಲ್ಲಿ ಪರೀಕ್ಷಿಸುವಾಗ ಕಲ್ಪಿತ ಗಡಿಯಾರವು 2 ಸೆಕೆಂಡು ತಪ್ಪಿತೆನ್ನೋಣ. ತಾಸಿಗೆ 108 ಕಿಲೋಮೀಟರ್ ವೇಗದ ರೈಲು ಅಷ್ಟರಲ್ಲಿ 60 ಮೀಟರ್ ಸಾಗಿರುತ್ತದೆ. ಪರೀಕ್ಷೆಯಲ್ಲಿ ತಪ್ಪಿದ ಡಿಕ್ಕಿಯು ಹಳಿಯ ಮೇಲೆ ತಪ್ಪದಿರಬಹುದು.

ಶಿಕ್ಷಕ ಬಂಧುಗಳು ಇದನ್ನು ಗಣಕಯಂತ್ರವಿಲ್ಲದೆಯೇ ತರಗತಿಯಲ್ಲಿ ತೋರಿಸಬಹುದು. ಐವರು ಮಕ್ಕಳಿಗೆ ಐದು ಊರುಗಳ ಹೆಸರನ್ನೂ ರಟ್ಟಿನ ಗಡಿಯಾರವನ್ನೂ ಕೊಡಬೇಕು. ಆರನೆಯ ಮಗು ನಿಯಾಮಕ. ರೈಲುಗಳೆಂದರೆ ವೇಳೆ ಬರೆದ ಚೀಟಿಗಳು. ಮೊದಲು ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಬಂದಂತೆ ಮುಳ್ಳು ತಿರುಗಿಸಲಿ. ಗೊಂದಲವು ಕ್ಷಣಾರ್ಧದಲ್ಲಿ ಕಾಣುತ್ತದೆ. ಬಳಿಕ ನಿಯಾಮಕನ ಅಪ್ಪಣೆಯಂತೆ ನಡೆಯಲಿ. ತಡೆದು ನಿಲ್ಲುವ ಹುಡುಗನು ಹಿಂದುಳಿದವನಲ್ಲ, ಇನ್ನೊಬ್ಬನ ರೈಲಿಗಾಗಿ ಹಳಿಯನ್ನು ಕಾಯುತ್ತಿರುವವನು ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುವರು.