ಮುಂಬಯಿಯ ಬಣ್ಣದ ನಕ್ಷೆ

ಮುಂಬಯಿಯಲ್ಲಿ ಯಾವ ಜಾಗ ವಸತಿಗೆ, ಯಾವುದು ಕಾರ್ಖಾನೆಗೆ, ಎಲ್ಲಿ ಶಾಲೆ, ಎಲ್ಲಿ ಆಟದ ಮೈದಾನ ಎಂದು ಗೊತ್ತುಮಾಡುವ ದಾಖಲೆ ವಿಕಾಸ ಯೋಜನೆ. ಜನ ಇದನ್ನು 'ಡಿ.ಪಿ.' ಎನ್ನುತ್ತಾರೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಬೆಂಗಳೂರಿನ 2015ರವರೆಗಿನ ಮಾಸ್ಟರ್ ಪ್ಲ್ಯಾನ್ ಸಿದ್ಧಪಡಿಸಿದ್ದು ಅಭಿವೃದ್ಧಿ ಪ್ರಾಧಿಕಾರ. ಮುಂಬಯಿಯಲ್ಲಿ ಆ ಕೆಲಸ ಮಹಾನಗರಪಾಲಿಕೆಯದೇ. ಆದರೆ ಇಡೀ ಊರು ಅದರ ಕೈಯಲ್ಲಿಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದಂಥ ಕಡೆ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಎಂಆರ್‌ಡಿಎ ತನ್ನದೇ ಯೋಜನೆ ಮಾಡುತ್ತದೆ.

ನಗರದ ಮೊದಲ ಡಿ.ಪಿ. 1967ರಲ್ಲಿ ಮಂಜೂರಾಯಿತು. ಎರಡನೆಯದು ತೊಂಬತ್ತರ ದಶಕದ ಆರಂಭದಲ್ಲಿ ಕಂತುಕಂತಾಗಿ ಬಂತು. ಮೂರನೆಯದು 2034ರವರೆಗಿನದು.

ಯೋಜನೆ ಮಾಡುತ್ತೇವೆಂದು ಪಾಲಿಕೆ ಮೊದಲು ಪ್ರಕಟಿಸಬೇಕು. ಆಮೇಲೆ ಈಗಿರುವ ಭೂಬಳಕೆಯ ಸಮೀಕ್ಷೆ. ಚಾಳ್, ಗಾವಠಾಣ (ಹಳೆಯ ಹಳ್ಳಿಯ ನೆಲೆ), ಕೋಳಿವಾಡ (ಮೀನುಗಾರರ ಕೇರಿ), ನಾಲೆ, ಗುಡಿ ಎಲ್ಲವೂ ಇದ್ದ ಹಾಗೆಯೇ ನಕ್ಷೆಗೆ ಏರಬೇಕು. ಈ ಹೆಜ್ಜೆ ನೀರಸ ಅನ್ನಿಸಬಹುದು, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ. ಮೂರನೆಯ ಡಿ.ಪಿ.ಗಾಗಿ 2015ರ ಫೆಬ್ರವರಿಯಲ್ಲಿ ಹೊರಬಂದ ಕರಡಿನಲ್ಲಿ ನಿಂತಿದ್ದ ಕಟ್ಟಡಗಳ ಮೇಲೆಯೇ ರಸ್ತೆಗಳು ಹಾದುಹೋಗಿದ್ದವು, ಹಲವು ಪಾರಂಪರಿಕ ಕಟ್ಟಡಗಳು ಕಾಣೆಯಾಗಿದ್ದವು. ಆರೆ ಕಾಲೊನಿಯ ಹಸಿರನ್ನು ಕಟ್ಟಡಗಳಿಗೆ ತೆರೆಯುವ ಪ್ರಸ್ತಾಪಕ್ಕೂ ಜನ ತಿರುಗಿಬಿದ್ದರು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಕರಡನ್ನು ಮತ್ತೆ ತಿದ್ದಲು ಆದೇಶಿಸಿದರು. ಹೊಸ ಕರಡು ಬಂದದ್ದು 2016ರ ಮೇ ತಿಂಗಳಲ್ಲಿ.

ಕರಡು ಪ್ರಕಟವಾದ ಮೇಲೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಬರೆದುಕೊಡಬಹುದು. ಸಾಮಾನ್ಯ ನಾಗರಿಕನಿಗೆ ಕಾನೂನು ತೆರೆದಿಟ್ಟ ಬಾಗಿಲು ಇದೇ. ತನ್ನ ಸೊಸೈಟಿಯ ಪಕ್ಕದ ಖಾಲಿ ಜಾಗವನ್ನು ಯಾವುದಕ್ಕೆ ಮೀಸಲಿಟ್ಟಿದ್ದಾರೆ ಎಂದು ನೋಡುವವರು ಮಾತ್ರ ಕಡಿಮೆ. ಬಂದ ಅರ್ಜಿಗಳನ್ನು ಯೋಜನಾ ಸಮಿತಿ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಸದಸ್ಯರು, ಜೊತೆಗೆ ಸರ್ಕಾರದ ನಗರಯೋಜನಾ ನಿರ್ದೇಶಕರು ನೇಮಿಸಿದ ಪರಿಣತರು ಅದರಲ್ಲಿರುತ್ತಾರೆ. ಸಮಿತಿಯ ವರದಿ ಪಾಲಿಕೆಯ ಸಾಮಾನ್ಯ ಸಭೆಗೆ, ಅಲ್ಲಿಂದ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ.

ಕೊನೆಯ ಮಾತು ಸರ್ಕಾರದ್ದು. 2017ರ ಜುಲೈನಲ್ಲಿ ಪಾಲಿಕೆಯ ಸಭೆ ಒಪ್ಪಿದ ಮೂರನೆಯ ಯೋಜನೆಗೆ 2018ರ ಮೇ ತಿಂಗಳಲ್ಲಿ ಮಂಜೂರಾತಿ ಸಿಕ್ಕಿತು. ಆಗಲೂ ಇಡಿಯಾಗಿ ಅಲ್ಲ. ಸರ್ಕಾರ ದೊಡ್ಡ ಬದಲಾವಣೆ ಬಯಸಿದ ಭಾಗಗಳನ್ನು ಹೊರಗಿಟ್ಟು, ಅವುಗಳ ಮೇಲೆ ಮತ್ತೆ ಆಕ್ಷೇಪಣೆ ಕರೆಯಿತು. ನಕ್ಷೆಯ ಜೊತೆಗೆ ನಿಯಂತ್ರಣ ನಿಯಮಗಳೂ ಬಂದವು. ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬ ಎಫ್‌ಎಸ್‌ಐ ಲೆಕ್ಕ ಇರುವುದು ಅಲ್ಲಿ. ಬಿಲ್ಡರುಗಳು ಮೊದಲು ತೆರೆಯುವ ಪುಟವೂ ಅದೇ.

ನಕ್ಷೆಯಲ್ಲಿ ಮೈದಾನವೆಂದು ಹಸಿರು ಬಳಿದ ಮಾತ್ರಕ್ಕೆ ಆ ಜಾಗ ಮೈದಾನವಾಗುವುದಿಲ್ಲ. ಖಾಸಗಿ ಜಾಗವಾದರೆ ಪಾಲಿಕೆ ಅದನ್ನು ಪಡೆದುಕೊಳ್ಳಬೇಕು: ಪರಿಹಾರದ ಹಣ ಕೊಟ್ಟು, ಅಥವಾ ಬೇರೆ ಕಡೆ ಕಟ್ಟುವ ಹಕ್ಕಾದ ಟಿಡಿಆರ್ ಕೊಟ್ಟು. ಹತ್ತು ವರ್ಷವಾದರೂ ಪಡೆಯದಿದ್ದರೆ ಮಾಲೀಕ ನೋಟಿಸು ಕೊಡಬಹುದು. ಮುಂದಿನ 24 ತಿಂಗಳಲ್ಲಿ ಪಾಲಿಕೆ ಸ್ವಾಧೀನಕ್ಕೆ ಕ್ರಮ ಕೈಗೊಳ್ಳದಿದ್ದರೆ ಆ ಜಾಗದ ಮೀಸಲು ರದ್ದಾಗುತ್ತದೆ.