ಕಣ್ಣೆದುರು ಸಾಲು, ಜನರೆದುರು ಮಾತು

ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳಿ ಊರಿಗೆಲ್ಲ ಪರಿಚಿತವಾದ ಕನ್ನಡದ ದನಿ ಅಪರ್ಣಾ ಅವರದು. ಅವರ ಹುಟ್ಟೂರು ಕಡೂರು ತಾಲ್ಲೂಕಿನ ಪಂಚನಹಳ್ಳಿ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ನಟನೆಗೆ ಬಂದರೂ ನಾಡು ಅವರನ್ನು ನೆನೆಯುವುದು ಹೆಚ್ಚಾಗಿ ನಿರೂಪಕಿಯಾಗಿ. ಚಂದನ ವಾಹಿನಿ, ಆಕಾಶವಾಣಿ, ಸರ್ಕಾರಿ ಸಮಾರಂಭಗಳ ವೇದಿಕೆ, ಎಲ್ಲಿ ನಿಂತರೂ ಅವರ ಮಾತು ಹದ ಕೆಡುತ್ತಿರಲಿಲ್ಲ. 2024ರ ಜುಲೈ 11ರಂದು ಅವರು ತೀರಿಕೊಂಡಾಗ ಕನ್ನಡದ ನಿರೂಪಣೆಯ ಒಂದು ಮೇಲ್ಪಂಕ್ತಿಯೇ ಇಲ್ಲವಾಯಿತು.

ಮೆಟ್ರೊದ ದನಿ ಧ್ವನಿಮುದ್ರಣ. ನಾಲಿಗೆ ತೊಡರಿದರೆ ಇನ್ನೊಮ್ಮೆ ಹೇಳಬಹುದು. ವೇದಿಕೆಯಲ್ಲಿ ಆ ಸೌಲಭ್ಯವಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ರಾಜ್ಯೋತ್ಸವವೋ ಕಾಲೇಜಿನ ವಾರ್ಷಿಕೋತ್ಸವವೋ ನಡೆದರೆ ನಿರೂಪಣೆಯ ಹೊಣೆ ಸಾಮಾನ್ಯವಾಗಿ ಒಬ್ಬ ಶಿಕ್ಷಕಿ ಅಥವಾ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಕೈಯಲ್ಲಿ ಚೀಟಿ, ಎದುರಿಗೆ ಸಾವಿರ ಜನ, ಈಚೆಗೆ ಪಕ್ಕದಲ್ಲೊಂದು ನೇರಪ್ರಸಾರದ ಕ್ಯಾಮೆರಾ. ಚೀಟಿ ನೋಡಿದರೆ ಜನರ ಮುಖ ತಪ್ಪುತ್ತದೆ, ಜನರನ್ನು ನೋಡಿದರೆ ಹೆಸರು ಮರೆಯುತ್ತದೆ. ಈ ಇಕ್ಕಟ್ಟನ್ನು ಬಿಡಿಸಲೆಂದೇ ಹುಟ್ಟಿದ ಯಂತ್ರ ಟೆಲಿಪ್ರಾಂಪ್ಟರ್. ಇಂದು ಅದು ಆ್ಯಪ್ ಆಗಿ ಎಲ್ಲರ ಫೋನಿಗೂ ಬಂದಿದೆ. ಆದರೆ ಅದು ಹೇಗೆ ಕೆಲಸ ಮಾಡುತ್ತದೆಂದು ಅರಿಯದೆ ವೇದಿಕೆ ಹತ್ತಿದರೆ ಚೀಟಿಗಿಂತ ಹೆಚ್ಚು ಕಾಡಬಲ್ಲದು.

ಮಾತು ಎತ್ತಿಕೊಡುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಕಂಪನಿ ನಾಟಕಗಳಲ್ಲೂ ಊರ ಹವ್ಯಾಸಿಗಳ ಪೌರಾಣಿಕ ನಾಟಕಗಳಲ್ಲೂ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ನಟ ತಡವರಿಸಿದೊಡನೆ ಮುಂದಿನ ಮಾತನ್ನು ಪಿಸುಗುಟ್ಟುವವರು ಇದ್ದೇ ಇರುತ್ತಿದ್ದರು. ಟೆಲಿವಿಷನ್ ಬಂದಾಗ ಈ ಉಪಾಯ ಕೈಕೊಟ್ಟಿತು. ಪಿಸುಮಾತು ಮೈಕಿಗೂ ಕೇಳುತ್ತದಲ್ಲ! ಹಾಗಾಗಿ ನೆರವು ಕಿವಿಯಿಂದ ಕಣ್ಣಿಗೆ ವರ್ಗವಾಯಿತು.

ಅಮೆರಿಕದ ರಂಗನಟ ಫ್ರೆಡ್ ಬಾರ್ಟನ್ ಮಾತನ್ನು ಕಣ್ಣಿಗೆ ತೋರಿಸುವ ಸಾಧನದ ಬೇಡಿಕೆಯನ್ನು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಅಧಿಕಾರಿ ಇರ್ವಿಂಗ್ ಕಾನ್ ಮುಂದಿಟ್ಟ. ಅಲ್ಲಿನ ಎಂಜಿನಿಯರ್ ಹ್ಯೂಬರ್ಟ್ ಶ್ಲಾಫ್ಲಿ ಅರ್ಧ ಸೂಟ್‌ಕೇಸಿನೊಳಗೆ ಬೆಲ್ಟು, ರಾಟೆ, ಮೋಟರು ಜೋಡಿಸಿ, ಅರ್ಧ ಇಂಚು ಎತ್ತರದ ಅಕ್ಷರಗಳಿದ್ದ ಕಾಗದದ ಸುರುಳಿಯನ್ನು ಉರುಳಿಸಿದ. 1950ರ ಡಿಸೆಂಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ಧಾರಾವಾಹಿಯೊಂದರಲ್ಲಿ ಅದರ ಮೊದಲ ಬಳಕೆಯಾಯಿತು. 1952ರಲ್ಲಿ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಷಿಕಾಗೊದ ರಿಪಬ್ಲಿಕನ್ ಸಮಾವೇಶದಲ್ಲಿ ಅದನ್ನು ನೋಡಿಕೊಂಡು ಭಾಷಣ ಮಾಡಿದ ಮೇಲೆ ರಾಜಕಾರಣಿಗಳೂ ಅದರ ಹಿಂದೆ ಬಿದ್ದರು. 1982ರಲ್ಲಿ ಅಟಾರಿ ಗೃಹಗಣಕದಲ್ಲಿ ಓಡುವ ಪ್ರಾಂಪ್ಟರ್ ತಂತ್ರಾಂಶ ಬಂದು ಕಾಗದದ ಸುರುಳಿಗೆ ವಿದಾಯ ಹೇಳಿತು. ಈಗಿನ ಆ್ಯಪ್‌ಗಳು ಅದೇ ವಂಶದವು. ಶ್ಲಾಫ್ಲಿ ಮಾತ್ರ ತಾನು ಕಟ್ಟಿದ ಯಂತ್ರದ ಮುಂದೆ ಮೊದಲ ಬಾರಿ ನಿಂತು ಓದಿದ್ದು 2008ರಲ್ಲಿ, 88ರ ಇಳಿವಯಸ್ಸಿನಲ್ಲಿ.

ಸ್ಟುಡಿಯೊದ ಪ್ರಾಂಪ್ಟರಿನ ಜೀವಾಳ ಒಂದು ಗಾಜು. ಕ್ಯಾಮೆರಾ ಕಣ್ಣಿನ ಮುಂದೆ 45 ಡಿಗ್ರಿ ವಾಲಿಸಿ ನಿಲ್ಲಿಸಿದ ಗಾಜಿನ ಕೆಳಗೆ ಪರದೆಯೊಂದು ಮೇಲ್ಮುಖವಾಗಿ ಮಲಗಿರುತ್ತದೆ. ಗಾಜಿನ ಒಂದು ಮೈಗೆ ಹಚ್ಚಿದ ತೆಳು ಲೇಪ ಬೆಳಕಿನ ಶೇಕಡ ಸುಮಾರು 30 ಭಾಗವನ್ನು ಪ್ರತಿಫಲಿಸಿ 70 ಭಾಗವನ್ನು ಹಾಯಲು ಬಿಡುತ್ತದೆ. ಪರದೆಯ ಅಕ್ಷರ ಗಾಜಿಗೆ ತಾಗಿ ಓದುವವರ ಕಣ್ಣಿಗೆ ಬರುತ್ತದೆ. ಗಾಜಿನ ಹಿಂದೆ ಕಪ್ಪು ಬಟ್ಟೆಯ ಮುಸುಕಿನಲ್ಲಿ ಕೂತ ಕ್ಯಾಮೆರಾಕ್ಕೆ ಅಕ್ಷರ ಕಾಣದು, ಓದುವವರ ಮುಖವಷ್ಟೇ ಕಾಣುತ್ತದೆ. ಗಾಜು ಕನ್ನಡಿಯಾಗಿ ಎಡ–ಬಲವನ್ನು ಮಗುಚುವುದರಿಂದ ಆ್ಯಪ್‌ನಲ್ಲಿ ಅಕ್ಷರವನ್ನು ಮೊದಲೇ ತಿರುವುಮುರುವು ಮಾಡಿಡಬೇಕು. ಖರ್ಚು ಉಳಿಸಲು ಕಿಟಕಿ ಗಾಜು ಹಾಕಿದರೆ ಎರಡು ತೊಂದರೆ. ಅದು ಪ್ರತಿಫಲಿಸುವುದು ಬೆಳಕಿನ ಹತ್ತನೇ ಒಂದು ಭಾಗದಷ್ಟನ್ನೇ. ಜೊತೆಗೆ ಮುಂದಿನ ಮೈ, ಹಿಂದಿನ ಮೈ ಎರಡರಿಂದಲೂ ಬಿಂಬ ಮೂಡಿ ಪ್ರತಿ ಅಕ್ಷರಕ್ಕೂ ನೆರಳಿನಂತೆ ಇನ್ನೊಂದು ಅಂಟಿಕೊಳ್ಳುತ್ತದೆ. ಒತ್ತಕ್ಷರಗಳಿಂದ ತುಂಬಿದ ಕನ್ನಡದಲ್ಲಿ ಈ ಜೋಡಿ ಬಿಂಬ ಓದನ್ನೇ ಕೆಡಿಸುತ್ತದೆ.

ಗಾಜಿಲ್ಲದೆ ಬರೀ ಫೋನಿನಲ್ಲೇ ನೇರಪ್ರಸಾರ ಮಾಡುವವರ ಲೆಕ್ಕ ಬೇರೆ. ಅಲ್ಲಿ ಅಕ್ಷರ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ. ಫೋನನ್ನು 40 ಸೆಂಟಿಮೀಟರ್ ದೂರದಲ್ಲಿಟ್ಟು ಕ್ಯಾಮೆರಾದಿಂದ 6 ಸೆಂಟಿಮೀಟರ್ ಆಚೆಯ ಸಾಲು ಓದಿದರೆ ನೋಟ ಎಂಟೂವರೆ ಡಿಗ್ರಿ ತಪ್ಪುತ್ತದೆ. ನೋಡುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅದೇ ಅಂತರ 2 ಮೀಟರ್ ದೂರದಿಂದ 1.7 ಡಿಗ್ರಿಗೆ ಇಳಿಯುತ್ತದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಮಿಲ್ಟನ್ ಚೆನ್ 2002ರಲ್ಲಿ ತೋರಿಸಿದ ಸಂಗತಿಯೊಂದು ಇಲ್ಲಿ ಬಹಳ ಉಪಯುಕ್ತ: ಎದುರಿನವರ ನೋಟ ಪಕ್ಕಕ್ಕೋ ಮೇಲಕ್ಕೋ ಸ್ವಲ್ಪ ಸರಿದರೂ ನಾವು ಗುರುತಿಸುತ್ತೇವೆ, ಕೆಳಕ್ಕೆ ಸರಿದರೆ ಅಷ್ಟಾಗಿ ಗಮನಿಸುವುದಿಲ್ಲ. ಆದ್ದರಿಂದ ಫೋನನ್ನು ನೆಟ್ಟಗೆ ನಿಲ್ಲಿಸಿ, ಮೇಲ್ತುದಿಯ ಕ್ಯಾಮೆರಾದ ಕೆಳಗೇ ಓದುವ ಸಾಲು ಬರುವಂತೆ ಮಾಡಿದರೆ ನೋಟ ಸಹಜವಾಗಿರುತ್ತದೆ. ಫೋನನ್ನು ಅಡ್ಡ ಹಾಕಿದರೆ ಕ್ಯಾಮೆರಾ ಬದಿಗೆ ಹೋಗುತ್ತದೆ, ಓದುವವರು ಯಾರನ್ನೋ ಓರೆಗಣ್ಣಿನಲ್ಲಿ ನೋಡುತ್ತಿರುವಂತೆ ಕಾಣುತ್ತಾರೆ.

ಹಾಗಾದರೆ ಫೋನನ್ನು 2 ಮೀಟರ್ ದೂರ ಇಟ್ಟುಬಿಡಬಹುದೆ? ಕನ್ನಡ ಅದಕ್ಕೆ ಒಪ್ಪುವುದಿಲ್ಲ. ಆ ದೂರದಲ್ಲಿ ಒಳ್ಳೆಯ ದೃಷ್ಟಿಯವರು ಹೇಗೋ ಗುರುತಿಸಬಲ್ಲ ಅಕ್ಷರದ ಎತ್ತರ ಸುಮಾರು 3 ಮಿಲಿಮೀಟರ್. ಗುರುತಿಸುವುದು ಬೇರೆ, ತಡೆಯಿಲ್ಲದೆ ಓದುವುದು ಬೇರೆ. ಓದಲು ಅದರ ನಾಲ್ಕು ಪಟ್ಟಾದರೂ ಬೇಕು, ಎಂದರೆ 12 ಮಿಲಿಮೀಟರ್. ಶ್ಲಾಫ್ಲಿಯ ಅರ್ಧ ಇಂಚು ಕೂಡ ಹೆಚ್ಚುಕಡಿಮೆ ಇಷ್ಟೇ. ಫೋನಿನ ಪರದೆ ಸುಮಾರು 7 ಸೆಂಟಿಮೀಟರ್ ಅಗಲ. ಅದರಲ್ಲಿ ಈ ಗಾತ್ರದ ಐದಾರು ಅಕ್ಷರ ಹಿಡಿದಾವು. ‘ಪದಾಧಿಕಾರಿಗಳಿಗೆ’ ಎಂಬ ಒಂದೇ ಪದಕ್ಕೆ ಎಂಟು ಅಕ್ಷರ! ಪದವೇ ಸಾಲಿನಲ್ಲಿ ಮುರಿದರೆ ನಾಲಿಗೆಯೂ ಅಲ್ಲೇ ಮುರಿಯುತ್ತದೆ. ಹತ್ತು ಇಂಚಿನ ಟ್ಯಾಬನ್ನು ಅಡ್ಡಲಾಗಿ ಇಟ್ಟರೆ ಸಾಲಿಗೆ ಹದಿನಾರು ಹದಿನೇಳು ಅಕ್ಷರ ಕೂರುತ್ತವೆ. ವೇದಿಕೆಗೆ ಟ್ಯಾಬೇ ಸರಿ, ಈ ವಿಷಯದಲ್ಲಿ ರಾಜಿ ಬೇಡ. ಸಾಲುಗಳ ನಡುವಿನ ಜಾಗವನ್ನೂ ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂರುತ್ತದೆ.

ಕಣ್ಣಿನ ಓಟಕ್ಕೂ ದನಿಯ ಓಟಕ್ಕೂ ಇರುವ ಅಂತರ ಇನ್ನೂ ಸ್ವಾರಸ್ಯದ್ದು. ಗಟ್ಟಿಯಾಗಿ ಓದುವಾಗ ಕಣ್ಣು ಸದಾ ದನಿಗಿಂತ ಮುಂದಿರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಗೈ ಬಸ್ವೆಲ್ 1920ರಲ್ಲೇ ಇದನ್ನು ಅಳೆದು, ನುರಿತ ಓದುಗರಲ್ಲಿ ಈ ಅಂತರ ಹೆಚ್ಚೆಂದು ಕಂಡುಕೊಂಡ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಮುಖ್ಯ ಅತಿಥಿಗಳು ‘ಬಂದಿದ್ದಾರೆ’ಯೋ, ‘ಬರಲಾಗಲಿಲ್ಲ’ವೋ, ‘ಬರಬೇಕೆಂದು ಕೋರುತ್ತೇವೆ’ಯೋ ತಿಳಿಯುವುದು ಅಲ್ಲೇ. ದನಿ ಏರಿಸಬೇಕೇ ಇಳಿಸಬೇಕೇ ಎಂಬುದನ್ನು ತೀರ್ಮಾನಿಸುವುದೂ ಅದೇ ಕೊನೆಯ ಪದ. ಪರದೆಯಲ್ಲಿ ಎರಡೇ ಸಾಲು ಕಾಣುತ್ತಿದ್ದರೆ ಆ ಪದ ಇನ್ನೂ ಕೆಳಗೆ ಅಡಗಿರುತ್ತದೆ, ಓದುವವರು ಕತ್ತಲಲ್ಲಿ ಮೆಟ್ಟಿಲಿಳಿಯುವವರಂತೆ ತಡವುತ್ತಾರೆ. ಆದ್ದರಿಂದ ಕನ್ನಡದ ಪ್ರಾಂಪ್ಟರಿನಲ್ಲಿ ನಾಲ್ಕು ಸಾಲಾದರೂ ಕಾಣಬೇಕು, ವಾಕ್ಯ ಎರಡು ಸಾಲಿಗೆ ಮುಗಿಯಬೇಕು. ಆಮಂತ್ರಣ ಪತ್ರಿಕೆಯ ಶೈಲಿಯ ‘ಘನ ಉಪಸ್ಥಿತಿಯಲ್ಲಿ’, ‘ಅಮೃತ ಹಸ್ತದಿಂದ’ಗಳ ಸರಮಾಲೆಯನ್ನು ಹಾಗೇ ತಂದು ಸುರಿದರೆ ಉಸಿರು ಸಾಲದು.

ಹಾಗೆ ಸುರಿಯುವವರಿಗೆ ಇನ್ನೊಂದು ಆಘಾತವೂ ಕಾದಿರುತ್ತದೆ. ಡಿಟಿಪಿ ಅಂಗಡಿಯಲ್ಲೋ ಕಚೇರಿಯಲ್ಲೋ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಟೈಪಾದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕೂತಿರುತ್ತದೆ. ಫೋನಿನ ಆ್ಯಪ್‌ಗೆ ಹಾಕಿದೊಡನೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಬರಹವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ರ್ಕ, ತ್ರ್ಯದಂಥ ಕಡೆ ಅರ್ಕಾವತ್ತು, ಒತ್ತುಗಳು ಅದಲುಬದಲಾಗಿವೆಯೇ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು.

ವೇಗದ ಅಳತೆಯಲ್ಲೂ ಎಚ್ಚರ ಬೇಕು. ಅನೇಕ ಆ್ಯಪ್‌ಗಳು ನಿಮಿಷಕ್ಕೆ ಇಷ್ಟು ಪದ ಎಂದು ಕೇಳುತ್ತವೆ. ಇಂಗ್ಲಿಷ್ ಸುದ್ದಿ ಓದಿಗೆ ಒಗ್ಗುವ ಸುಮಾರು 150ರ ಲೆಕ್ಕ, ವಿಭಕ್ತಿ–ಪ್ರತ್ಯಯಗಳನ್ನೆಲ್ಲ ಒಂದೇ ಪದಕ್ಕೆ ಪೋಣಿಸುವ ಕನ್ನಡಕ್ಕೆ ಓಟದ ಸ್ಪರ್ಧೆಯಾಗುತ್ತದೆ. ದನಿಯನ್ನು ಕೇಳಿಸಿಕೊಂಡು ತಾನೇ ಸಾಲು ಸರಿಸುವ ಆ್ಯಪ್‌ಗಳೂ ಇವೆ. ಮನೆಯ ಕೋಣೆಯಲ್ಲಿ ಅವು ಚೆಂದ. ಶಾಮಿಯಾನದ ಕೆಳಗೆ ಧ್ವನಿವರ್ಧಕದ ಮರುದನಿ, ಡೊಳ್ಳು, ಚಪ್ಪಾಳೆಗಳ ನಡುವೆ ಯಂತ್ರದ ಕಿವಿ ಗೊಂದಲಕ್ಕೆ ಬೀಳುತ್ತದೆ. ಬೆರಳಿಗೆ ಸಿಗುವ ಬ್ಲೂಟೂತ್ ರಿಮೋಟು ಇದಕ್ಕಿಂತ ನಂಬಿಕೆಗೆ ಅರ್ಹ. ಅದಕ್ಕೂ ಮೇಲು, ವೇದಿಕೆಯ ಬದಿಯಲ್ಲಿ ಕೂತು ಮಾತಿನ ಲಯ ನೋಡಿ ಸಾಲು ಸರಿಸುವ ಒಬ್ಬ ಮನುಷ್ಯ. ದೊಡ್ಡ ವಾಹಿನಿಗಳ ಸ್ಟುಡಿಯೊಗಳು ಕೂಡ ಈ ಕೆಲಸಕ್ಕೆ ಜನರನ್ನು ಇಟ್ಟುಕೊಳ್ಳುತ್ತವೆ.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ ಉಳಿಯುತ್ತದೆ. ಪರದೆಯಲ್ಲಿ ಏನನ್ನು ಬರೆಯಬೇಕು? ‘ಎಲ್ಲರಿಗೂ ನಮಸ್ಕಾರ’ದಿಂದ ಹಿಡಿದು ವಂದನಾರ್ಪಣೆಯವರೆಗೆ ಎಲ್ಲವನ್ನೂ ಬರೆದಿಟ್ಟವರು ಓದುವ ಯಂತ್ರವಾಗಿಬಿಡುತ್ತಾರೆ. ತಾಲ್ಲೂಕು ವೇದಿಕೆಯಲ್ಲಿ ಕಾರ್ಯಕ್ರಮದ ಕ್ರಮ ಬರೆದಂತೆ ನಡೆಯುವುದೂ ಅಪರೂಪ. ಉದ್ಘಾಟಕರು ತಡವಾಗಿ ಬರುತ್ತಾರೆ, ಮಕ್ಕಳ ನೃತ್ಯ ಮೊದಲಾಗುತ್ತದೆ, ಯಾರದೋ ಸನ್ಮಾನ ನಡುವೆ ಸೇರುತ್ತದೆ. ಒಂದೇ ಉದ್ದ ಸುರುಳಿ ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಭಾಗಕ್ಕೂ ಬೇರೆ ಕಡತ, ಪ್ರತಿ ಕಡತದ ತಲೆಯ ಮೇಲೆ ದಪ್ಪ ಶೀರ್ಷಿಕೆ ಇದ್ದರೆ ಹಿಂದೆ ಮುಂದೆ ಹಾರಬಹುದು. ಪೂರ್ತಿ ಬರೆಯಬೇಕಾದದ್ದು ತಪ್ಪಲೇಬಾರದಂಥವನ್ನು ಮಾತ್ರ: ಹೆಸರು, ಹುದ್ದೆ, ಇಸವಿ, ಶ್ರದ್ಧಾಂಜಲಿಯ ಮಾತು. ಉಳಿದದ್ದಕ್ಕೆ ಮೊದಲ ಎರಡು ಪದ ಸಾಕು. ಆ ಜಾಗದಲ್ಲಿ ನಿರೂಪಕರು ತಮ್ಮದೇ ಮಾತಾಡಿದಾಗ ಜನ ಕಿವಿಗೊಡುತ್ತಾರೆ.

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ತಪ್ಪಬಾರದ ಹೆಸರುಗಳು ಬೇಕಾದಷ್ಟಿವೆ. ಅಮೃತಾಪುರದ ಅಮೃತೇಶ್ವರ ದೇಗುಲವನ್ನು ಹೊಯ್ಸಳ ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿಸಿದವನು ಅಮೃತೇಶ್ವರ ದಂಡನಾಯಕ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಅಜ್ಜಂಪುರದಲ್ಲಿರುವುದು ಅಮೃತಮಹಲ್ ರಾಸುಗಳ ತಳಿ ಕೇಂದ್ರ. ಮೂರು ‘ಅಮೃತ’ಗಳು ಒಂದೇ ಉಸಿರಿನಲ್ಲಿ ಬಂದರೆ ನಾಲಿಗೆ ಒಂದನ್ನು ಇನ್ನೊಂದಕ್ಕೆ ಅಂಟಿಸುವುದು ಸುಲಭ. ‘ನಾನು ಕೊಂದ ಹುಡುಗಿ’ ಬರೆದ ‘ಆನಂದ’ರು ಅಜ್ಜಂಪುರ ಸೀತಾರಾಂ ಎಂದು ಅವರ ಊರಿನ ವೇದಿಕೆಯಲ್ಲೇ ಹೇಳಲು ಮರೆತರೆ ಕೇಳುವವರಿಗೆ ನೋವಾದೀತು. ಇವೆಲ್ಲ ಪರದೆಯಲ್ಲಿರಲಿ, ಸಿಂಗಟಗೆರೆ, ಹಿರೇನಲ್ಲೂರು, ಲಿಂಗದಹಳ್ಳಿಗಳಿಂದ ಬಂದ ಸನ್ಮಾನಿತರ ಹೆಸರುಗಳೂ ಇರಲಿ.

ನಾಲಿಗೆಯ ಪಳಗಿಕೆಗೆ ಮಾತ್ರ ಆ್ಯಪ್‌ನಲ್ಲಿ ಮದ್ದಿಲ್ಲ. ತರೀಕೆರೆಯ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳ ನಾಲಿಗೆ ತಿರುಚುವ ಸಾಲನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು. ಅಷ್ಟು ಚಿಕ್ಕ ವಾಕ್ಯವನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಕಣ್ಣೆದುರು ಇಟ್ಟರೂ ವೇಗವಾಗಿ ಓದಿದರೆ ಎಡವುವುದು ಖಚಿತ. ಕ, ರ, ಮ ಅಕ್ಷರಗಳು ಹತ್ತಿರ ಹತ್ತಿರ ಮರಳಿ ಬಂದಾಗ ಮುಂದಿನ ಉಚ್ಚಾರದ ಸಿದ್ಧತೆ ಹಿಂದಿನದರ ಮೇಲೆ ಬಿದ್ದು ಸದ್ದುಗಳು ಜಾಗ ಬದಲಿಸುತ್ತವೆ. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ತೊಡರುವ ಕಡೆ ಪದವನ್ನೇ ಬದಲಿಸುವುದು ಇದಕ್ಕಿರುವ ದಾರಿ.

ಬಯಲಿನ ಕಾರ್ಯಕ್ರಮಕ್ಕೆ ಕೆಲವು ಜಾಗ್ರತೆಗಳು ಸೇರುತ್ತವೆ. ಸ್ವಾತಂತ್ರ್ಯ ದಿನದ ಬೆಳಗಿನ ಬಿಸಿಲು ಪರದೆಗೆ ನೇರ ಬಿದ್ದರೆ ಅಕ್ಷರ ತೊಳೆದುಹೋಗುತ್ತದೆ, ಆದ್ದರಿಂದ ಪರದೆಯ ಬೆನ್ನು ಸೂರ್ಯನ ಕಡೆಗಿರಬೇಕು. ಕಪ್ಪು ಹಿನ್ನೆಲೆಗಿಂತ ಬಿಳಿ ಹಿನ್ನೆಲೆಯ ಕಪ್ಪಕ್ಷರ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಗಾಜಿನ ಸ್ಟ್ಯಾಂಡ್ ಗಾಳಿಗೆ ಉರುಳದಂತೆ ಬುಡಕ್ಕೆ ಮರಳಿನ ಚೀಲ ಇಡಬೇಕು. ಟ್ಯಾಬಿನಲ್ಲಿ ಸಿಮ್ ಇದ್ದರೆ ಕರೆ ಬರದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಪರದೆ ತಾನಾಗಿ ಆರದಂತೆ ಮಾಡಿಕೊಳ್ಳಬೇಕು. ರಿಮೋಟಿನ ಬ್ಲೂಟೂತನ್ನು ಆಮೇಲೆ ಮತ್ತೆ ಹಚ್ಚಿಕೊಳ್ಳುವುದು ಮರೆಯಬಾರದು. ಸಾಲು ಸರಿಸುವ ಕೆಲಸಕ್ಕೆ ಊರಿನ ನಾಟಕದಲ್ಲಿ ಮಾತು ಎತ್ತಿಕೊಟ್ಟು ಅಭ್ಯಾಸವಿರುವವರು ಸಿಕ್ಕರೆ ಅವರನ್ನೇ ಕೂರಿಸಬೇಕು. ನಟ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಕಾದು ನೋಡುವುದು ಅವರಿಗೆ ಗೊತ್ತು. ಟ್ಯಾಬು ಕೈಕೊಟ್ಟರೆ ಓದಿ ಹೇಳಲು ಅದೇ ಬರಹದ ಮುದ್ರಿತ ಪ್ರತಿಯೂ ಅವರ ಬಳಿ ಇರಲಿ.