ಸೇದಿದವನ ಮೇಲೆ ಕೇಸು, ಮಾರಿದವನ ಜಾಡೆಲ್ಲಿ?

ಕರಾವಳಿಯಿಂದ ಬಯಲುಸೀಮೆಯವರೆಗೆ ಯಾವ ಜಿಲ್ಲೆಯ ಸುದ್ದಿಪುಟ ತೆರೆದರೂ ‘ಗಾಂಜಾ ಸೇವನೆ: ಯುವಕ ವಶಕ್ಕೆ’ ಎಂಬ ನಾಲ್ಕು ಸಾಲು ಕಣ್ಣಿಗೆ ಬೀಳುತ್ತದೆ. ಬೀಟ್ ಪೊಲೀಸರಿಗೆ ಅನುಮಾನ ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮೂತ್ರ ಪರೀಕ್ಷೆಯಲ್ಲಿ ‘ಸೇವನೆ ದೃಢ’ಪಡುತ್ತದೆ, ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಪ್ರಕರಣ ದಾಖಲಾಗುತ್ತದೆ. ಅವನಿಗೆ ಮಾರಿದವರು ಯಾರು, ಊರಿಗೆ ತಂದವರು ಯಾರು ಎಂಬ ಸಾಲು ಮಾತ್ರ ಆ ಸುದ್ದಿಯಲ್ಲಿ ಅಪರೂಪ. ಸೇದುವವರನ್ನು ಹಿಡಿದ ಲೆಕ್ಕದಿಂದ ಊರಿನ ನಶೆ ಇಳಿಯುವುದಿಲ್ಲ. ಅವರನ್ನು ಚಿಕಿತ್ಸೆಯ ಬಾಗಿಲಿಗೆ ಮುಟ್ಟಿಸಿ, ಪೊಲೀಸ್ ಬಲವನ್ನು ಮಾರುವವರ ಬೆನ್ನಿಗೆ ಹಚ್ಚಿದರಷ್ಟೇ ಇಳಿಯುತ್ತದೆ ಎಂಬುದು ನನ್ನ ವಾದ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಪೂರ್ತಿ ಓದಿದರೆ ಸಾಕು.

1985ರಲ್ಲಿ ಬಂದ ಈ ಕಾಯ್ದೆ ಬಹಳ ಕಠಿಣ ಎಂದು ಎಲ್ಲರಿಗೂ ಗೊತ್ತು. ಆದರೆ 2001ರ ತಿದ್ದುಪಡಿಯ ನಂತರ ಅದು ಸಿಕ್ಕ ಮಾಲಿನ ತೂಕ ನೋಡಿ ಶಿಕ್ಷೆ ಅಳೆಯುತ್ತದೆ. ಗಾಂಜಾ ಒಂದು ಕಿಲೋವರೆಗೆ ಸಣ್ಣ ಪ್ರಮಾಣ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಬರೀ ಗಾಂಜಾ ಸೇವಿಸಿದವನಿಗೆ ಗರಿಷ್ಠ ಶಿಕ್ಷೆ ಆರು ತಿಂಗಳ ಜೈಲು ಅಥವಾ 10 ಸಾವಿರ ರೂಪಾಯಿ ದಂಡ ಅಥವಾ ಎರಡೂ. ಸೇದುವವನೂ ಸಾಗಿಸುವವನೂ ಒಂದೇ ಅಲ್ಲವೆಂದು ಕಾನೂನೇ ಒಪ್ಪಿದೆ ಎಂದಾಯಿತು. ಅಷ್ಟೇ ಅಲ್ಲ, ಅದರೊಳಗೆ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯಿರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ರದ್ದಾಗಬಹುದು. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ ವ್ಯಸನಿಯನ್ನು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು 39ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಮಗನನ್ನು ಬಿಡಿಸಲು ಠಾಣೆಗೆ ಓಡುವ ತಂದೆತಾಯಿಗೆ ಈ ಎರಡು ಕಲಮುಗಳನ್ನು ಯಾರೂ ಹೇಳದಿದ್ದರೆ ಅವು ಪುಸ್ತಕದಲ್ಲೇ ಉಳಿಯುತ್ತವೆ.

ಮೂತ್ರ ಪರೀಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬೀಳುತ್ತದೆ. ಅಪರೂಪಕ್ಕೆ ಸೇದಿದವರಲ್ಲಿ ಕೆಲವು ದಿನ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಅದು ಪತ್ತೆಯಾಗುತ್ತಲೇ ಇರುತ್ತದೆ. ಹಾಗಾಗಿ ‘ದೃಢ’ ಎಂದರೆ ಎಂದೋ ಸೇದಿದ್ದಾನೆ ಎಂದಷ್ಟೇ ಅರ್ಥ. ಅವನು ಈಗ ನಶೆಯಲ್ಲಿದ್ದಾನೆಯೇ, ವ್ಯಸನಿಯೇ, ಮೊದಲ ಸಲ ಕೈಹಾಕಿದವನೇ ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವನು ವೈದ್ಯ.

ಭಯ ಹೋದರೆ ಹುಡುಗರಿಗೆ ಲಂಗುಲಗಾಮಿರುವುದಿಲ್ಲ ಎನ್ನುವವರಿದ್ದಾರೆ. ಆ ಆತಂಕ ಹುಸಿಯಲ್ಲ, ಮನೆಯಲ್ಲಿ ಕಾಲೇಜು ಓದುವ ಮಗನಿರುವ ಯಾರಿಗೂ ಅದು ಅರ್ಥವಾಗುತ್ತದೆ. ಆದರೆ ಕಾಯ್ದೆ ಬಂದು ಸುಮಾರು ಮೂರೂವರೆ ದಶಕವಾದ ಮೇಲೆ, 2019ರಲ್ಲಿ, ಏಮ್ಸ್ ವೈದ್ಯರು ಕೇಂದ್ರ ಸರ್ಕಾರಕ್ಕೆ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯ ವರದಿಯನ್ನು ನೋಡಿ. ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ; ಅಫೀಮು, ಹೆರಾಯಿನ್‌ಗಳ ಗುಂಪಿನ ಪದಾರ್ಥ ಬಳಸಿದವರು ಸುಮಾರು 2.26 ಕೋಟಿ. ಅಕ್ರಮ ಮಾದಕವಸ್ತುಗಳ ವ್ಯಸನಕ್ಕೆ ಬಿದ್ದ 20 ಮಂದಿಯಲ್ಲಿ ಒಬ್ಬರಿಗಷ್ಟೇ ಎಂದಾದರೂ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆಯಲು ಸಾಧ್ಯವಾಗಿದೆ. ಭಯ ಸೇದುವುದನ್ನು ನಿಲ್ಲಿಸಲಿಲ್ಲ. ಸಹಾಯ ಕೇಳುವ ಬಾಯಿಯನ್ನು ಕಟ್ಟಿತು. ಊರಿನವರ ನಾಲಿಗೆಯ ಜೊತೆಗೆ ಠಾಣೆಯ ದಾಖಲೆಯ ಹೆದರಿಕೆಯೂ ಸೇರಿದಾಗ ಮನೆಯವರು ರೋಗವನ್ನು ಮುಚ್ಚಿಡುತ್ತಾರೆ.

ಕೊಳ್ಳುವವರಿಲ್ಲದಿದ್ದರೆ ಮಾರುವವರೂ ಇರುವುದಿಲ್ಲ, ಆದ್ದರಿಂದ ಸೇದುವವನನ್ನೇ ಹಿಡಿಯಬೇಕೆಂಬ ವಾದ ಇನ್ನೂ ಗಟ್ಟಿಯಾದದ್ದು. ಇದಕ್ಕೆ ಪೋರ್ಚುಗಲ್‌ನಲ್ಲಿ ಒಂದು ಉತ್ತರವಿದೆ. ಹೆರಾಯಿನ್‌ನಿಂದ ಕಂಗೆಟ್ಟಿದ್ದ ಆ ದೇಶ 2001ರ ಜುಲೈಯಲ್ಲಿ ಹತ್ತು ದಿನದ ಸ್ವಂತ ಬಳಕೆಗೆ ಮೀರದಷ್ಟು ಮಾದಕವಸ್ತು ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅದು ಸಕ್ರಮವಾಗಲಿಲ್ಲ, ಮಾಲು ಜಪ್ತಿಯಾಗುತ್ತದೆ, ಸಿಕ್ಕವನು ಮೂವರ ಸಮಿತಿಯ ಮುಂದೆ ಹಾಜರಾಗಬೇಕು. ಮಾರುವವನಿಗೆ ಜೈಲು ತಪ್ಪಲಿಲ್ಲ. ಜೊತೆಯಲ್ಲೇ ಚಿಕಿತ್ಸೆಗೆ ಹಣ ಸುರಿದರು. ಸೂಜಿ ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು ಪಾತಾಳಕ್ಕಿಳಿಯಿತು. ಆರ್ಥಿಕ ಮುಗ್ಗಟ್ಟಿನ ನಂತರ ಚಿಕಿತ್ಸಾ ವ್ಯವಸ್ಥೆ ಸೊರಗಿದಾಗ ಪೋರ್ಟೊ ನಗರದ ಬೀದಿಗಳಲ್ಲಿ ನಶೆ ಮತ್ತೆ ಕಾಣಿಸಿಕೊಂಡಿತು ಎಂಬುದೂ ನಿಜ. ಶಿಕ್ಷೆ ಸಡಿಲಿಸಿ ಆಸ್ಪತ್ರೆ ಕಟ್ಟದಿದ್ದರೆ ಕೆಲಸ ಅರ್ಧವೇ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಹೆಸರಾಂತ ಕೇಂದ್ರವಿದೆ. ಆದರೆ ಹನೂರಿನ ಅಥವಾ ಸುಳ್ಯದ ಕೂಲಿಕಾರನ ಮಗ ವಾರವಾರ ಬೆಂಗಳೂರಿಗೆ ಬಸ್ಸು ಹತ್ತಲಾರ. ತಾಲ್ಲೂಕು ಆಸ್ಪತ್ರೆಯಲ್ಲೇ ಅವನಿಗೊಬ್ಬ ವೈದ್ಯ ಸಿಗಬೇಕು.

ಪೊಲೀಸರಿಗೆ ಕೆಲಸ ಕಡಿಮೆಯಾಗುತ್ತದೆಂದು ಯಾರೂ ಭಾವಿಸಬೇಕಿಲ್ಲ. ಆಂಧ್ರ–ಒಡಿಶಾ ಗಡಿಯ ಕಾಡುಗಳಿಂದ ಗಾಂಜಾ ರೈಲು, ಲಾರಿ ಹತ್ತಿ ಬರುತ್ತದೆ. ಅದರ ಮೂಲ ಹುಡುಕುವುದು ಫೋನ್ ಕರೆ, ಬ್ಯಾಂಕ್ ಖಾತೆಗಳ ಜಾಡು ಹಿಡಿದು ತಿಂಗಳುಗಟ್ಟಲೆ ಕೂರುವ ಕೆಲಸ. ಒಬ್ಬ ಹುಡುಗನ ಮೂತ್ರ ಪರೀಕ್ಷೆಗೆ, ಕಾಗದಪತ್ರಕ್ಕೆ, ಕೋರ್ಟಿಗೆ ಅಲೆಯುವ ಸಿಬ್ಬಂದಿಯನ್ನು ಅಲ್ಲಿಗೆ ಹಚ್ಚಬಹುದು. ಇನ್ನು ಎಷ್ಟು ಪ್ರಕರಣ ದಾಖಲಾಯಿತೆಂದು ಠಾಣೆಯನ್ನು ಕೇಳುವ ಬದಲು, ಎಷ್ಟು ಮಂದಿಯನ್ನು ಚಿಕಿತ್ಸೆಗೆ ಕಳಿಸಿದಿರಿ, ಎಷ್ಟು ಸರಬರಾಜುದಾರರಿಗೆ ಶಿಕ್ಷೆಯಾಯಿತು ಎಂದು ಕೇಳೋಣ. ಮನೆಯಲ್ಲೊಬ್ಬರು ಈ ಕಷ್ಟದಲ್ಲಿದ್ದರೆ, ಠಾಣೆಯಿಂದ ಫೋನ್ ಬರುವ ತನಕ ಕಾಯಬೇಡಿ. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಇವತ್ತೇ ಕರೆ ಮಾಡಿ.